ಮುಳ್ಳೂರಿನ ಗುಣಸೇನ ಪಂಡಿತರು

ಕೊಡಗಿನ ಚರಿತ್ರೆ ಅಂದ್ರೆ ಹಾಲೇರಿ ರಾಜರು ಅಂತೀವಿ. ಅವರಿಗಿಂತ ಐನೂರು ವರ್ಷ ಮೊದಲೇ ಸೋಮವಾರಪೇಟೆ ಸೀಮೆಯನ್ನು ಕೊಂಗಾಳ್ವರು ಆಳುತ್ತಿದ್ದರು. ಆ ಕಾಲದ ಹೆಸರಾಂತ ಜೈನ ಮುನಿ ಗುಣಸೇನ ಪಂಡಿತರ ವಿಷಯ ನಾನು ಬರೆಯುತ್ತಿದ್ದೇನೆ.

ಅವರು ಪುಷ್ಪಸೇನ ಸಿದ್ಧಾಂತದೇವರ ಶಿಷ್ಯರು. ಶನಿವಾರಸಂತೆ ಹತ್ತಿರದ ಮುಳ್ಳೂರೇ ಅವರ ನೆಲೆ. ಅರಸನ ತಾಯಿ ಪೋಚಬ್ಬರಸಿಗೆ ಅವರೇ ಗುರುಗಳು. 1058ರಲ್ಲಿ ಆಕೆ ಬಸದಿ ಕಟ್ಟಿಸಿ ಗುರುಗಳಿಗೆ ಧಾರೆ ಎರೆದು ಕೊಟ್ಟಳು. ಗುರುಗಳ ವಿಗ್ರಹವನ್ನೂ ಮಾಡಿಸಿದಳು. ಅರಸ ರಾಜೇಂದ್ರ ಕೊಂಗಾಳ್ವ ದತ್ತಿ ಬಿಟ್ಟ.

ಮುನಿಗೆ ಸ್ವಂತದ್ದು ಅಂತ ಏನೂ ಇರಬಾರದು. ಆದರೆ ಬಸದಿ ನಡೀಬೇಕಾದ್ರೆ ಭೂಮಿ ಬೇಕು, ಅದು ಅರಸನ ಕೈಯಲ್ಲಿತ್ತು. ಅರಸನಿಗೆ ಪುಣ್ಯ ಬೇಕು, ಜನರಲ್ಲಿ ಹೆಸರೂ ಬೇಕು. ಹೀಗೆ ಒಬ್ಬರಿಗೊಬ್ಬರು ಬೇಕಾದರು. ಹಾಗಾದ್ರೆ ಊರಿನವರಿಗೆ ಏನು ಸಿಕ್ತು? ಗುಣಸೇನರು ಬಾವಿ ತೋಡಿಸಿದರು ಅಂತ ಅಲ್ಲಿನ ಶಾಸನ ಹೇಳುತ್ತೆ. ಅವರು ಮಾಡಿದ್ದರಲ್ಲಿ ನಂಗೆ ಇದೇ ದೊಡ್ಡದು ಅನ್ಸುತ್ತೆ. ಬಾಯಾರಿದವನಿಗೆ ಅರಸನಾದರೇನು, ಆಳಾದರೇನು?

1064ರಲ್ಲಿ ಗುಣಸೇನರು ತೀರಿಕೊಂಡರು. ಆಮೇಲೆ ಕೊಂಗಾಳ್ವರ ಆಳ್ವಿಕೆಯೂ ಮುಗಿಯಿತು. ನೋಡಿಕೊಳ್ಳುವವರಿಲ್ಲದೆ ಬಸದಿ ಹಾಳಾಗಿ, 1390ರಲ್ಲಿ ಜೀರ್ಣೋದ್ಧಾರ ಆಯಿತು.

ಮುಳ್ಳೂರಿಗೆ ಹೋದರೆ ಆ ಕಲ್ಲುಗಳ ಮೇಲೆ ನಿಮ್ಮ ಹೆಸರು ಗೀಚಬೇಡಿ. ಅವು ನಮ್ಮ ನಾಡಿನ ಪುಸ್ತಕ.