ಹೆರ್ಮನ್ ಆನಂದರಾಯ ಕೌಂಡಿನ್ಯರ ಚರಿತ್ರೆ

ತಿಕೋಟಾದಲ್ಲಾಗಲಿ ಬಬಲೇಶ್ವರದಲ್ಲಾಗಲಿ ನಾವು ಯಾರ ಪೈಕಿಯವರೆಂದು ಯಾರಾದರೂ ಕೇಳಿದರೆ, ನಮ್ಮಲ್ಲಿ ಅನೇಕರು ಮಿಶನಿನವರೆಂದು ಹೇಳಿಕೊಳ್ಳುವದುಂಟು. ಬಾಸೆಲ್ ಮಿಶನಿನ ಠಾಣ್ಯವು ವಿಜಯಪುರದಲ್ಲಿ 1885ರಲ್ಲಿ ಸ್ಥಾಪಿತವಾಯಿತು. ಆದರೆ ಮಿಶನಿನವರೆಂದರೆ ಅದರ ನೆರಳಿನಲ್ಲಿ ಬದುಕುವವರೋ, ಅದರ ಭಾರವನ್ನು ಹೊರುವವರೋ? ಇದನ್ನು ತಿಳಿಯುವದಕ್ಕೆ ನಮ್ಮ ನಾಡಿನವರೇ ಆದ ಒಬ್ಬ ದೇವಸೇವಕರ ಚರಿತ್ರೆಯನ್ನು ನೋಡೋಣ.

ಆನಂದರಾಯ ಕೌಂಡಿನ್ಯರು 1825ರಲ್ಲಿ ಸಾರಸ್ವತ ಬ್ರಾಹ್ಮಣರ ಮನೆತನದಲ್ಲಿ ಹುಟ್ಟಿದರು. ಮಂಗಳೂರಿನ ಮಿಶನ್ ಶಾಲೆಯಲ್ಲಿ ಕಲಿಯುತ್ತಿರುವಾಗ ಹೆರ್ಮನ್ ಮ್ಯೋಗ್ಲಿಂಗರ ಪರಿಚಯವಾಗಿ, ಸುವಾರ್ತೆಯು ಅವರ ಮನಸ್ಸನ್ನು ನಾಟಿತು. 1844ರ ಜನವರಿ 6ರಂದು, ಹತ್ತೊಂಬತ್ತು ವರುಷ ತುಂಬುವ ಮುಂಚೆಯೇ, ಅವರು ದೀಕ್ಷಾಸ್ನಾನ ಹೊಂದಿ ಗುರುವಿನ ಹೆಸರಾದ ಹೆರ್ಮನ್ ಎಂಬದನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು. ಊರಲ್ಲಿ ದೊಡ್ಡ ಗದ್ದಲವೆದ್ದಿತು. ಜಾತಿಯೂ ಮನೆಯೂ ಕೈಬಿಟ್ಟವು. ನಮ್ಮಲ್ಲಿ ಎಷ್ಟೋ ಮಂದಿ ಹಿರಿಯರು ಈ ದುಃಖವನ್ನು ಉಂಡವರೇ.

ಆದರೂ ಅವರು ಮಿಶನಿನ ಅನ್ನವನ್ನುಂಡು ಸುಮ್ಮನೆ ಕೂಡ್ರಲಿಲ್ಲ. 1846ರಲ್ಲಿ ಮ್ಯೋಗ್ಲಿಂಗರ ಸಂಗಡ ಸ್ವಿಸ್ ದೇಶದ ಬಾಸೆಲ್ ಪಟ್ಟಣಕ್ಕೆ ಹೋಗಿ, ಅಲ್ಲಿಯ ಸೆಮಿನರಿಯಲ್ಲಿ ಪರದೇಶದ ಸಹೋದರರ ಪಕ್ಕದಲ್ಲಿ ಕೂತು ಕಲಿತರು. 1851ರಲ್ಲಿ ಸಭಾಸೇವೆಗೆ ಪ್ರತಿಷ್ಠೆ ಹೊಂದಿ, ಬಾಸೆಲ್ ಮಿಶನಿನ ಮೊದಲನೆಯ ಭಾರತೀಯ ಮಿಶನರಿಯಾಗಿ ಸ್ವದೇಶಕ್ಕೆ ತಿರುಗಿ ಬಂದರು. ಕಳುಹಿಸುವವರು ಅವರು, ಕೇಳುವವರು ನಾವು ಎಂಬ ಭೇದವು ಇವರಲ್ಲಿ ಅಳಿದುಹೋಯಿತು.

ಮಂಗಳೂರಿನ ಸೆಮಿನರಿಯಲ್ಲಿ ಅವರು ಬಹುಕಾಲ ಉಪದೇಶಿಗಳನ್ನು ತರಬೇತು ಮಾಡಿದರು. ಕೊಡಗಿನಲ್ಲಿ ಜೀತದ ಕಷ್ಟವನ್ನು ಅನುಭವಿಸಿದ್ದ ಹೊಲೆಯರು ಕ್ರಿಸ್ತನ ಕಡೆಗೆ ಬಂದಾಗ ಅವರಿಗೆ ನೆಲವು ಬೇಕಾಯಿತು. ಆಗ ಕೌಂಡಿನ್ಯರ ನೆರವಿನಿಂದ ದೊರೆತ ಭೂಮಿಯಲ್ಲಿ ಆನಂದಪುರವೆಂಬ ಹಳ್ಳಿಯು ಎದ್ದಿತು. ಬ್ರಾಹ್ಮಣನಾಗಿ ಹುಟ್ಟಿದವನು ಹೊಲೆಯರನ್ನು ತನ್ನ ಮನೆಯವರೆಂದು ಎಣಿಸಿದ್ದು ಸಣ್ಣ ಮಾತಲ್ಲ. ಆ ಕಾಲದಲ್ಲಿ ಸಂಬಂಧಿಕರ ನೆರಳು ತಪ್ಪಿದವನಿಗೆ ಸಭೆಯೇ ಕುಲ, ಸಹವಿಶ್ವಾಸಿಗಳೇ ಬಳಗ. 1893ರಲ್ಲಿ ಅವರು ಕರ್ತನಲ್ಲಿ ನಿದ್ರಿಸಿದರು.

ಅವರ ತರುವಾಯ ಕಾಲಗಳು ಬದಲಾದವು. 1914ರ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ಈ ದೇಶವನ್ನು ಬಿಡಬೇಕಾಯಿತು. 1968ರಲ್ಲಿ ಉತ್ತರ ಕರ್ನಾಟಕದ ಬಾಸೆಲ್ ಮಿಶನ್ ಸಭೆಗಳು ದಕ್ಷಿಣ ಭಾರತ ಸಭೆಯೊಡನೆ ಕೂಡಿದವು. ದೊರೆಗಳು ಹೋದರು, ಆದರೆ ಸಭೆಯು ಉಳಿಯಿತು. ಯಾಕಂದರೆ ಇದು ನಮ್ಮದೆಂದು ತಿಳಿದವರು ಹಳ್ಳಿಹಳ್ಳಿಯಲ್ಲಿ ಇದ್ದರು.

ಆದದರಿಂದ ಸಹೋದರ ಸಹೋದರಿಯರೇ, ಮಿಶನಿನವರೆಂದು ಹೇಳಿಕೊಳ್ಳುವದರಲ್ಲಿ ನಾಚಿಕೆಯಿಲ್ಲ. ಆದರೆ ಕೌಂಡಿನ್ಯರ ಹಾಗೆ ಹೇಳಿಕೊಳ್ಳೋಣ. ಗುಡಿಯ ಛಾವಣಿ ಸೋರುವಾಗ ಪಟ್ಟಣದ ಕಡೆಗೆ ನೋಡುತ್ತಾ ಕೂಡ್ರುವದಕ್ಕಿಂತ ನಾವೇ ಏಣಿಯನ್ನು ಹಚ್ಚೋಣ. ಸುಗ್ಗಿಯಲ್ಲಿ ಒಂದು ಸೇರು ಜೋಳವನ್ನು ಕಾಣಿಕೆಯಾಗಿ ತೆಗೆದಿಡೋಣ. ಬೇರೆ ಕುಲದಿಂದ ಬಂದ ವಿಶ್ವಾಸಿಯನ್ನು ನಮ್ಮ ಪಂಕ್ತಿಯಲ್ಲಿ ಕೂಡ್ರಿಸಿಕೊಳ್ಳೋಣ. ಆಗ ನಾವು ಯಾರ ಪೈಕಿಯವರೆಂದು ಕೇಳುವ ಅವಶ್ಯವೇ ಯಾರಿಗೂ ಬೀಳದು.