ಶ್ರಾವಕೋತ್ತಮ ಚಾವುಂಡರಾಯನೂ ದ್ಯೂತತ್ಯಾಗವೂ

ಶ್ರೀರಂಗಪಟ್ಟಣದ ಸಮೀಪದ ಕಾವೇರೀತೀರದಲ್ಲಿ ದೊರೆತ, ಸುಮಾರು ಕ್ರಿ.ಶ. 900ರ ಎರಡು ಶಾಸನಗಳು ಭದ್ರಬಾಹು ಮುನೀಶ್ವರರ ಹಾಗೂ ಚಂದ್ರಗುಪ್ತ ಮುನಿಗಳ ಪಾದಮುದ್ರೆಗಳಿಂದ ಪುನೀತವಾದ ಕಳ್ಬಪ್ಪು ಬೆಟ್ಟವನ್ನು ಸ್ಮರಿಸುತ್ತವೆ. ನಾಗಮಂಗಲ, ಕೃಷ್ಣರಾಜಪೇಟೆಗಳ ಸೀಮೆಗೆ ನೆರೆಯದಾದ ಶ್ರವಣಬೆಳ್ಗೊಳದ ಚಿಕ್ಕಬೆಟ್ಟವೇ ಆ ಕಳ್ಬಪ್ಪು. ರಾಜ್ಯವನ್ನೇ ತ್ಯಜಿಸಿ ಬಂದ ದೊರೆಯ ಸ್ಮರಣೆ ಜನಮನದಲ್ಲಿ ಹೀಗೆ ನೆಲೆಸಿದ್ದ ಗಂಗವಾಡಿಯಲ್ಲಿ, ಆ ಶತಮಾನದಲ್ಲಿಯೇ ಚಾವುಂಡರಾಯನು ಬಾಳಿದನು.

ಬ್ರಹ್ಮಕ್ಷತ್ರ ಕುಲದಲ್ಲಿ ಜನಿಸಿದ ಈತನು ಗಂಗದೊರೆ ಇಮ್ಮಡಿ ಮಾರಸಿಂಹನಿಗೂ ಬಳಿಕ ರಾಚಮಲ್ಲನಿಗೂ ಸೇನಾಧಿಪತಿಯೂ ಮಂತ್ರಿಯೂ ಆಗಿದ್ದನು. ಸಮರಧುರಂಧರ, ವೀರಮಾರ್ತಂಡ, ರಣರಂಗಸಿಂಗ ಮೊದಲಾದ ಬಿರುದುಗಳು ರಣರಂಗದಲ್ಲಿ ಗಳಿಸಿದವು. ತನ್ನ ಒಡೆಯನಾದ ಮಾರಸಿಂಹನು 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನವನ್ನಾಚರಿಸಿ ದೇಹವಿಟ್ಟನು. ಆ ಆಚಾರ್ಯರೇ ಚಾವುಂಡರಾಯನಿಗೂ ಗುರುಗಳು. ಗೆದ್ದ ರಾಜ್ಯವನ್ನೂ ಕೊನೆಗೆ ಬಿಡಬೇಕೆಂಬ ಪಾಠವನ್ನು ಅವನು ತನ್ನ ಒಡೆಯನ ಬಾಳಿನಲ್ಲಿಯೇ ಕಂಡನು.

978ರಲ್ಲಿ ಅವನು ಅರುವತ್ತಮೂರು ಶಲಾಕಾಪುರುಷರ ಚರಿತೆಯನ್ನು ಕನ್ನಡ ಗದ್ಯದಲ್ಲಿ ರಚಿಸಿದನು. ಅದು ಚಾವುಂಡರಾಯಪುರಾಣವೆಂದೇ ಪ್ರಸಿದ್ಧವಾಗಿದೆ. ಸಂಸ್ಕೃತದಲ್ಲಿ ಬರೆದ ಚಾರಿತ್ರಸಾರವು ಶ್ರಾವಕರ ಮತ್ತು ಮುನಿಗಳ ಆಚಾರವನ್ನು ತಿಳಿಸುವ ಗ್ರಂಥ. ಗೃಹಸ್ಥರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ ಅದರಲ್ಲಿದೆ. ಸಮಂತಭದ್ರಾಚಾರ್ಯರು ಹೇಳಿದ ಅಷ್ಟಮೂಲಗುಣಗಳಲ್ಲಿ ಪಂಚಾಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವಿದೆ. ಚಾವುಂಡರಾಯನು ಮಹಾಪುರಾಣದ ಮತವೆಂದು ಎತ್ತಿಕೊಂಡ ಪಟ್ಟಿಯಲ್ಲಿ ಮಧುವಿನ ಸ್ಥಾನದಲ್ಲಿ ದ್ಯೂತವಿದೆ. ಎಂದರೆ, ಜೂಜನ್ನು ಬಿಡುವುದು ಶ್ರಾವಕತ್ವದ ಬೇರಿಗೇ ಸೇರಿದ ನಿಯಮವಾಯಿತು.

ಸಪ್ತವ್ಯಸನಗಳಲ್ಲಿ ದ್ಯೂತಕ್ಕೆ ಮೊದಲ ಸ್ಥಾನ. ಅದಕ್ಕೆ ಶಾಸ್ತ್ರಕಾರರು ಕೊಡುವ ದೃಷ್ಟಾಂತ ಧರ್ಮರಾಯನದು. ಪಾಂಡವಪುರದ ಕುಂತಿಬೆಟ್ಟದ ಸುತ್ತಣ ಜನರು ಪಾಂಡವರು ಅಲ್ಲಿ ತಂಗಿದ್ದರೆಂದು ಇಂದಿಗೂ ಹೇಳುತ್ತಾರೆ. ಚಾವುಂಡರಾಯನಿಗೆ ಸತ್ಯಯುಧಿಷ್ಠಿರನೆಂಬ ಬಿರುದೂ ಇತ್ತು. ಧರ್ಮರಾಯನ ಸತ್ಯವನ್ನು ತನ್ನದಾಗಿಸಿಕೊಂಡ ಈ ಸೇನಾನಿ, ಆ ಧರ್ಮರಾಯನನ್ನು ಕೆಡಿಸಿದ ಪಗಡೆಯ ಹಲಗೆಯನ್ನು ಗೃಹಸ್ಥನ ಮನೆಯಿಂದ ಹೊರಗಿರಿಸಿದನು.

ಉತ್ತರಪುರಾಣದಲ್ಲಿ ಬರುವ ಶ್ರಾವಸ್ತಿಯ ಅರಸು ಸುಕೇತುವಿನ ಕಥೆಯೂ ಇಂಥದೇ. ಅವನು ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡನು, ದೀಕ್ಷೆ ಪಡೆದು ತಪಸ್ಸಿಗೆ ನಿಂತನು. ಆದರೂ ತಪಸ್ಸಿನ ಫಲವಾಗಿ ಬಲ ಬರಲೆಂದು ನಿದಾನ ಮಾಡಿಕೊಂಡನು. ದಾಳವು ಕೈಯಿಂದ ಬಿದ್ದಿತ್ತು, ಪಣವೊಡ್ಡುವ ಮನಸ್ಸು ಬಿದ್ದಿರಲಿಲ್ಲ.

ಜೂಜುಗಾರನು ಸೋತಾಗ ಕಳೆದುದನ್ನು ಮರಳಿ ಪಡೆಯಲೆಂದು ಆಡುತ್ತಾನೆ, ಗೆದ್ದಾಗ ಇನ್ನಷ್ಟು ಗೆಲ್ಲಲೆಂದು ಆಡುತ್ತಾನೆ. ಗೆದ್ದ ಕ್ಷಣದಲ್ಲಿಯೇ ನಿಲ್ಲಬಲ್ಲವನು ವಿರಳ. ಅಂಥವನು ಬಾಹುಬಲಿಸ್ವಾಮಿ. ಭರತನನ್ನು ಮೂರು ಯುದ್ಧಗಳಲ್ಲಿಯೂ ಗೆದ್ದು, ಗೆದ್ದುದನ್ನು ಅಲ್ಲಿಯೇ ಬಿಟ್ಟು ನಡೆದನು. ಆತನ ಬಿಂಬವನ್ನು ಕಾಣುವವರೆಗೆ ಹಾಲನ್ನು ಮುಟ್ಟೆನೆಂದು ಚಾವುಂಡರಾಯನ ತಾಯಿ ಕಾಳಲಾದೇವಿ ನಿಯಮ ಹಿಡಿದಳೆಂದು ಐತಿಹ್ಯ. ತಾಯಿಯ ವ್ರತಕ್ಕೆ ಮಗನು ಕಾವಲಾದನು. ಸುಮಾರು 981ರಲ್ಲಿ ವಿಂಧ್ಯಗಿರಿಯ ಮೇಲೆ ಗೊಮ್ಮಟಮೂರ್ತಿ ನಿಂತಿತು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಅವನಿಗಾಗಿ ಗೊಮ್ಮಟಸಾರವನ್ನು ರಚಿಸಿದರು.

ಚಾವುಂಡರಾಯನಂಥ ಪರಾಕ್ರಮಿಯೂ ಜೂಜಿನೊಡನೆ ಸೆಣಸಿ ಗೆಲ್ಲುವ ಮಾತನ್ನು ಬೋಧಿಸಲಿಲ್ಲ, ಅದರ ಬಳಿ ಸುಳಿಯದಿರುವುದನ್ನೇ ಮೂಲಗುಣವೆಂದನು. ಆಸೆ ಎದ್ದ ಮೇಲೆ ಬುದ್ಧಿ ದುರ್ಬಲವಾಗುತ್ತದೆ. ಮನಸ್ಸು ಶಾಂತವಾಗಿರುವಾಗ ಗುರುಸಾಕ್ಷಿಯಾಗಿ ಕೈಗೊಂಡ ನಿಯಮ ಆಗ ಅವನ ಪರವಾಗಿ ಕಾಯುತ್ತದೆ. ಹೋಗಬಾರದ ಬೀದಿಗೂ ಮನೆಗೂ ತಾನೇ ಎಲ್ಲೆ ಹಾಕಿಕೊಳ್ಳುವ ದೇಶವ್ರತದ ತಿರುಳೂ ಇದೇ.

ಸಾವಿರ ವರ್ಷಗಳ ಬಳಿಕ ಪರದೇಶಗಳೂ ಇದೇ ದಾರಿಗೆ ಬಂದವು. 1996ರಲ್ಲಿ ಅಮೆರಿಕದ ಮಿಸೌರಿ ರಾಜ್ಯದಲ್ಲಿ, ಜೂಜಿನ ಚಟ ಹತ್ತಿದವರು ತಾವೇ ಹೆಸರು ಬರೆಯಿಸಿ, ಜೂಜಿನ ಮನೆಗಳು ತಮ್ಮನ್ನು ಒಳಗೆ ಸೇರಿಸದಂತೆ ಮಾಡಿಕೊಳ್ಳುವ ಏರ್ಪಾಡು ಆರಂಭವಾಯಿತು. ಹೆಸರು ಬರೆಯಿಸಿದ ಮಾತ್ರಕ್ಕೆ ಆಸೆ ಅಳಿಯದು; ಆದರೆ ಆಸೆಗೂ ಆಟಕ್ಕೂ ನಡುವೆ ಬಾಗಿಲೊಂದು ನಿಲ್ಲುತ್ತದೆ. ಆ ಬಿಡುವಿನಲ್ಲಿ ಮನೆಯವರ ಆಸರೆಯೂ ವೈದ್ಯರ ಸಲಹೆಯೂ ಕೆಲಸ ಮಾಡಬಲ್ಲವು. ಭಾರತದಲ್ಲಿ ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು 2025ರಲ್ಲಿ ಅಂಗೀಕಾರವಾಯಿತು. ಆದರೂ ಇಸ್ಪೀಟಿನ ಎಲೆಯಾಗಲಿ ಮೊಬೈಲಿನ ಪರದೆಯಾಗಲಿ, ಕೈಗೆ ಸಿಗುವಷ್ಟು ಹತ್ತಿರವಿರುವಾಗ ಕಾನೂನಿಗಿಂತ ಮೊದಲು ಕಾಯಬೇಕಾದುದು ತಾನೇ ಹಿಡಿದ ನಿಯಮ. ಸೋತವನು ಅದನ್ನು ಮನೆಯವರಲ್ಲಿ ಮರೆಮಾಚದೆ ಹೇಳಿ, ಹಣದ ಕೈಯನ್ನು ಅವರಿಗೊಪ್ಪಿಸಿ, ನಾಲ್ವರ ಮುಂದೆ ನಿಯಮ ಕೈಗೊಂಡರೆ ಆ ಬಾಗಿಲಿಗೆ ಅಗುಳಿ ಬಿದ್ದಂತೆ.

ಚಾವುಂಡರಾಯನ ಮಗ ಜಿನದೇವಣನೂ ಬೆಳ್ಗೊಳದಲ್ಲಿ ಬಸದಿಯನ್ನು ಕಟ್ಟಿಸಿದನು. ತಾಯಿಯ ನಿಯಮ, ಮಗನ ಶ್ರದ್ಧೆ, ಮೊಮ್ಮಗನ ಸೇವೆ ಹೀಗೆ ಒಂದೇ ಮನೆಯಲ್ಲಿ ಮುಂದುವರಿದವು. ಗಂಗರ ರಾಜ್ಯ ಅಳಿಯಿತು. ಕಾಳಗದಲ್ಲಿ ಗೆದ್ದ ಕೋಟೆಗಳ ಹೆಸರು ಇಂದು ಎಷ್ಟೋ ಮನೆಗಳಲ್ಲಿ ತಿಳಿಯದು. ಗೆದ್ದು ಬಿಟ್ಟುಹೋದವನ ಮೂರ್ತಿ ಮಾತ್ರ ವಿಂಧ್ಯಗಿರಿಯ ಮೇಲೆ ನಿಂತಿದೆ.