ಒಂಟಿಗಣ್ಣಿನ ಚಿತ್ರಕಾರ ಜಾನ್ ಟೆನಿಯೆಲ್

ನಮ್ಮ ಶಾಲೆಯ ಗ್ರಂಥಾಲಯದ ಮರದ ಕಪಾಟಿನಲ್ಲಿ ರಟ್ಟು ಕಳಚಿದ ಒಂದು ಇಂಗ್ಲಿಷ್ ಪುಸ್ತಕವಿದ್ದುದು ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಅದನ್ನು ಓದಿದವರು ವಿರಳ, ನೋಡಿದವರು ಬಹಳ. ಕೋಟು ತೊಟ್ಟು ಗಡಿಯಾರ ನೋಡುವ ಮೊಲ, ಕೊಂಬೆಯ ಮೇಲೆ ಹಲ್ಲು ಕಿರಿಯುವ ಬೆಕ್ಕು, ಎತ್ತರದ ಟೋಪಿಯ ಹುಚ್ಚು ಟೋಪಿಗಾರ, ಇವರನ್ನು ನೋಡುವುದಕ್ಕೆ ಇಂಗ್ಲಿಷ್ ಬೇಕಾಗಿರಲಿಲ್ಲ. ಲೂಯಿಸ್ ಕ್ಯಾರಲ್ ರಚಿಸಿದ ಆಲಿಸಳ ಆ ಕಥೆಯನ್ನು, ಕೇರಳದಲ್ಲಿ ಹುಟ್ಟಿ ಕನ್ನಡದ ಲೇಖಕರಾದ ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ ಎಂಬ ಹೆಸರಿನಿಂದ ನಮ್ಮ ಭಾಷೆಗೆ ತಂದರು. ಕಥೆಗಾರನ ಹೆಸರನ್ನು ಬಲ್ಲವರೂ ಚಿತ್ರಕಾರನ ಹೆಸರನ್ನು ಅರಿಯರು. ಆತನ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂಬುದು ನನ್ನ ಬಹುದಿನಗಳ ಅಪೇಕ್ಷೆ.

ಜಾನ್ ಟೆನಿಯೆಲ್ 1820ರ ಫೆಬ್ರವರಿ 28ರಂದು ಲಂಡನ್ನಿನಲ್ಲಿ ಜನಿಸಿದನು. ತಂದೆ ಖಡ್ಗವರಸೆಯನ್ನೂ ನರ್ತನವನ್ನೂ ಕಲಿಸುವ ಗುರು. 1840ರಲ್ಲಿ ತಂದೆ ಮಕ್ಕಳಿಬ್ಬರೂ ವರಸೆಯಾಡುತ್ತಿದ್ದಾಗ ತಂದೆಯ ಕತ್ತಿಯ ತುದಿಗಿದ್ದ ರಕ್ಷೆ ಕಳಚಿ, ಮೊನೆಯು ಮಗನ ಬಲಗಣ್ಣಿಗೆ ತಾಗಿತು. ಆ ಕಣ್ಣಿನ ದೃಷ್ಟಿ ಕ್ರಮೇಣ ನಂದಿತು. ತನ್ನ ಕೈಯಿಂದ ಮಗನ ಕಣ್ಣು ಹೋಯಿತೆಂದು ತಂದೆ ಕೊರಗಬಾರದೆಂದು, ಪೆಟ್ಟಿನ ಗಾಂಭೀರ್ಯವನ್ನು ಆ ಇಪ್ಪತ್ತರ ತರುಣ ತಂದೆಗೆ ಎಂದೂ ತಿಳಿಸಲಿಲ್ಲ. ಪಿತೃಭಕ್ತಿಯ ಕಥೆಗಳನ್ನು ತರಗತಿಯಲ್ಲಿ ಎಷ್ಟೋ ಹೇಳಿದ್ದೇನೆ. ಇಷ್ಟು ಸದ್ದಿಲ್ಲದ ಇನ್ನೊಂದನ್ನು ನಾನು ಕಾಣೆ.

ಚಿತ್ರಕಾರನಿಗೆ ಕಣ್ಣೇ ಬಂಡವಾಳ. ಅರ್ಧ ಬಂಡವಾಳ ಹೋದವನು ಉಳಿದುದನ್ನು ನೆನಪಿನಿಂದ ತುಂಬಿಕೊಂಡನು. ರಾಯಲ್ ಅಕಾಡೆಮಿಯ ಶಾಲೆಯ ಬೋಧನೆ ರುಚಿಸದೆ ಅದನ್ನು ಬಿಟ್ಟನು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕುಳಿತು ಪ್ರಾಚೀನ ಶಿಲ್ಪಗಳನ್ನೂ ಉಡುಗೆಗಳನ್ನೂ ಕವಚಗಳನ್ನೂ ತಾನಾಗಿಯೇ ಅಭ್ಯಸಿಸಿದನು. ಒಮ್ಮೆ ನೋಡಿದುದು ಮನಸ್ಸಿನಲ್ಲಿ ನಿಲ್ಲುತ್ತಿತ್ತು. ಎದುರಿಗೆ ಯಾರನ್ನೂ ಕುಳ್ಳಿರಿಸಿಕೊಳ್ಳದೆ ಬರೆಯುವುದು ಆತನ ಜೀವಮಾನದ ಪದ್ಧತಿಯಾಯಿತು. ಈ ಹಟ ಕ್ಯಾರಲನಿಗೆ ಹಿಡಿಸಲಿಲ್ಲ. ಮಾದರಿಯಿಲ್ಲದ ಕಾರಣ ಕೆಲವು ಚಿತ್ರಗಳಲ್ಲಿ ಆಲಿಸಳ ತಲೆ ದೊಡ್ಡದಾಯಿತೆಂದು ಆತ ಆಕ್ಷೇಪಿಸಿದ್ದುಂಟು. ಆಕ್ಷೇಪ ನಿಜವಿರಬಹುದು. ಆದರೆ ಗ್ರಿಫನ್ನಿಗೂ ಡೋಡೋ ಹಕ್ಕಿಗೂ ಮಾದರಿಯನ್ನು ಎಲ್ಲಿಂದ ತರುವುದು?

1850ರ ಕೊನೆಗೆ ‘ಪಂಚ್’ ಎಂಬ ವಿನೋದ ವಾರಪತ್ರಿಕೆ ಆತನನ್ನು ಕರೆಯಿತು. 1864ರಲ್ಲಿ ಪ್ರಧಾನ ವ್ಯಂಗ್ಯಚಿತ್ರಕಾರನಾಗಿ, 1901ರಲ್ಲಿ ನಿವೃತ್ತನಾಗುವವರೆಗೆ ಎರಡು ಸಾವಿರಕ್ಕೂ ಮಿಕ್ಕಿ ರಾಜಕೀಯ ಚಿತ್ರಗಳನ್ನು ಬರೆದನು. ಬುಧವಾರದ ಭೋಜನಕೂಟದಲ್ಲಿ ವಿಷಯ ನಿಶ್ಚಯವಾದರೆ ಶುಕ್ರವಾರ ಸಂಜೆಗೆ ಚಿತ್ರ ಸಿದ್ಧ. ಇಲ್ಲಿ ಒಂದು ಕಹಿ ಮಾತನ್ನು ಬಚ್ಚಿಡಲಾರೆ. 1857ರಲ್ಲಿ ನಮ್ಮ ಸಿಪಾಯಿಗಳು ಎದ್ದಾಗ, ಆ ವರ್ಷದ ಆಗಸ್ಟ್ 22ರ ಸಂಚಿಕೆಯಲ್ಲಿ ಟೆನಿಯೆಲ್ ಬ್ರಿಟಿಷ್ ಸಿಂಹವು ಬಂಗಾಳದ ಹುಲಿಯ ಮೇಲೆ ಎರಗುವ ಚಿತ್ರ ಬರೆದನು. ಹುಲಿಯ ಕೆಳಗೆ ಬಿದ್ದ ಆಂಗ್ಲ ತಾಯಿ, ಮಗು. ಆ ಚಿತ್ರ ಇಂಗ್ಲೆಂಡಿನಲ್ಲಿ ಅಪಾರ ಜನಪ್ರಿಯವಾಯಿತು. ಎದ್ದವರಿಗೆ ಕಾರಣವೇನಿತ್ತೆಂಬುದು ಅದರಲ್ಲಿಲ್ಲ. ಮಕ್ಕಳನ್ನು ನಗಿಸಿದ ಕೈಯೇ ಸೇಡಿಗೆ ಕರೆಕೊಟ್ಟಿತೆಂಬುದನ್ನು ನೆನೆದಾಗ ನನಗೆ ಇಂದಿಗೂ ಮನಸ್ಸು ಕಸಿವಿಸಿಯಾಗುತ್ತದೆ.

ಆಲಿಸಳ ಪುಸ್ತಕಕ್ಕೆ 42 ಚಿತ್ರಗಳು. ಸಂಭಾವನೆ 138 ಪೌಂಡು. ಆಗಿನ ಕ್ರಮವನ್ನು ಇಂದಿನ ಮಕ್ಕಳಿಗೆ ವಿವರಿಸಬೇಕಾದೀತು. ಗಟ್ಟಿಯಾದ ಬಾಕ್ಸ್‌ವುಡ್ ಮರದ ತುಂಡಿನ ನುಣುಪು ಮುಖದ ಮೇಲೆ ಚಿತ್ರವನ್ನು ಎಡಬಲ ತಿರುಗಿಸಿ ಪೆನ್ಸಿಲಿನಿಂದ ಮೂಡಿಸಬೇಕು. ಕೆತ್ತುವವನು ಬಿಳಿಯಾಗಬೇಕಾದ ಭಾಗವನ್ನೆಲ್ಲ ಕೊರೆದು ತೆಗೆಯುವನು. ಕೂದಲೆಳೆಯಂಥ ಗೆರೆಗಳು ಮಾತ್ರ ಎದ್ದು ನಿಲ್ಲುವುವು. ಉಳಿ ಜಾರಿದರೆ ಚಿತ್ರವೇ ಹೋಯಿತು. ಈ ಕೆತ್ತನೆ ಡಾಲ್ಜಿಯೆಲ್ ಸಹೋದರರದು. ಚಿತ್ರದ ಮೂಲೆಯಲ್ಲಿ ಟೆನಿಯೆಲನ ಮುದ್ರೆಯ ಜೊತೆಗೆ ಅವರ ಹೆಸರೂ ಇರುತ್ತದೆ.

1865ರಲ್ಲಿ ಆಕ್ಸ್‌ಫರ್ಡಿನಲ್ಲಿ 2000 ಪ್ರತಿಗಳು ಅಚ್ಚಾದುವು. ಚಿತ್ರಗಳ ಮುದ್ರಣ ತನಗೆ ಒಪ್ಪಿಗೆಯಿಲ್ಲವೆಂದು ಟೆನಿಯೆಲ್ ತಿಳಿಸಿದನು. ಖರ್ಚೆಲ್ಲ ಕ್ಯಾರಲನದು, ಆತ ಕಾಲೇಜಿನ ಗಣಿತೋಪಾಧ್ಯಾಯ, ಧನಿಕನಲ್ಲ. ಆದರೂ ಕೊಟ್ಟ ಪ್ರತಿಗಳನ್ನು ಹಿಂದಕ್ಕೆ ಕೇಳಿ ಪಡೆದು, ಬೇರೊಂದು ಮುದ್ರಣಾಲಯದಲ್ಲಿ ಪುನಃ ಅಚ್ಚು ಮಾಡಿಸಿದನು. ತಿರಸ್ಕೃತ ಹಾಳೆಗಳು ಅಮೆರಿಕಕ್ಕೆ ಮಾರಾಟವಾದುವು. ಆ ಮೊದಲ ಪ್ರತಿಗಳಲ್ಲಿ ಇಂದು ಉಳಿದಿರುವುವು ಎರಡು ಡಜನಿಗೂ ಕಡಮೆ. ನಮ್ಮ ಶಾಲೆಯ ವಾರ್ಷಿಕ ಸಂಚಿಕೆಯೊಂದರಲ್ಲಿ ಸ್ಥಾಪಕರ ಭಾವಚಿತ್ರ ಮಸಿಯ ಉಂಡೆಯಂತೆ ಬಂದಾಗ, ದುಡ್ಡು ಕೊಟ್ಟಾಗಿದೆಯೆಂದು ನಾನು ಸುಮ್ಮನೆ ಹಂಚಿಬಿಟ್ಟಿದ್ದೆ.

ಕನ್ನಡಿಯೊಳಗಿನ ಲೋಕವನ್ನು ಕುರಿತ ಎರಡನೆಯ ಪುಸ್ತಕ 1871ರ ಕೊನೆಗೆ ಹೊರಬಂದಿತು. ಅದಕ್ಕೆ 50 ಚಿತ್ರಗಳು. ಜಬ್ಬರ್‌ವಾಕ್ ಎಂಬ ವಿಕಟ ಪ್ರಾಣಿಗೆ ಟೆನಿಯೆಲ್ ಬಾವಲಿಯ ರೆಕ್ಕೆ, ನೀಳ ಕತ್ತು, ಉಗುರುಗಳನ್ನೆಲ್ಲ ಕೊಟ್ಟು, ಮೇಲೆ ಗುಂಡಿ ಹಾಕಿದ ಒಂದು ವೇಸ್ಟ್‌ಕೋಟನ್ನೂ ತೊಡಿಸಿದನು! ಇದನ್ನು ಮುಖಚಿತ್ರವಾಗಿ ಹಾಕಬೇಕೆಂದಿತ್ತು. ಮಕ್ಕಳು ಹೆದರಿಯಾರೆಂದು ಕ್ಯಾರಲ್ ಸುಮಾರು ಮೂವತ್ತು ಮಂದಿ ತಾಯಂದಿರಿಗೆ ಪತ್ರ ಬರೆದು ಅಭಿಪ್ರಾಯ ಕೇಳಿದನು. ಕೊನೆಗೆ ಅದು ಒಳಪುಟಕ್ಕೆ ಸರಿದು, ಶಾಂತಮುಖದ ಬಿಳಿಯ ಸರದಾರ ಮುಂದೆ ಬಂದನು. ವಿಗ್ ಧರಿಸಿದ ಕಣಜವೊಂದರ ಪ್ರಸಂಗವನ್ನು ಚಿತ್ರಿಸಲಾರೆನೆಂದೂ ಅದು ಸ್ವಾರಸ್ಯಹೀನವೆಂದೂ ಟೆನಿಯೆಲ್ ಬರೆದುದರಿಂದ ಕ್ಯಾರಲ್ ಅದನ್ನೇ ಕಿತ್ತುಹಾಕಿದನು. ಆ ಕರಡು 1974ರಲ್ಲಿ ಹರಾಜಿಗೆ ಬಂದು ಬೆಳಕು ಕಂಡಿತು. ಇದಾದ ಮೇಲೆ ಟೆನಿಯೆಲ್ ಪುಸ್ತಕಚಿತ್ರಗಳನ್ನು ಬಹುಮಟ್ಟಿಗೆ ತ್ಯಜಿಸಿದನು.

ವಿವಾಹವಾದ ಎರಡೇ ವರ್ಷಗಳಲ್ಲಿ ಪತ್ನಿ 1856ರಲ್ಲಿ ತೀರಿಕೊಂಡಿದ್ದಳು; ಮರುಮದುವೆಯಾಗಲಿಲ್ಲ, ಸಂತಾನವಿಲ್ಲ. 1893ರಲ್ಲಿ ಸರ್ ಪದವಿ ಬಂದಿತು. ವೃದ್ಧಾಪ್ಯದಲ್ಲಿ ಉಳಿದೊಂದು ಕಣ್ಣಿನ ಬೆಳಕೂ ಮಂಕಾಯಿತು. 94 ತುಂಬಲು ಮೂರು ದಿನ ಉಳಿದಿರುವಾಗ, 1914ರ ಫೆಬ್ರವರಿ 25ರಂದು ಮೃತನಾದನು.

ಮರದ ಮೂಲ ಅಚ್ಚುಗಳು ಸವೆಯದಿರಲೆಂದು ಅವುಗಳಿಂದ ಲೋಹದ ಪಡಿಯಚ್ಚು ತೆಗೆದು, ಅದರಿಂದ ಪುಸ್ತಕಗಳನ್ನು ಮುದ್ರಿಸುತ್ತಿದ್ದರು. ಮೂಲದ ತುಂಡುಗಳು ಜನರ ನೆನಪಿನಿಂದಲೇ ಮರೆಯಾಗಿದ್ದುವು. 1985ರಲ್ಲಿ ಲಂಡನ್ನಿನ ಬ್ಯಾಂಕೊಂದರ ಭದ್ರಕೋಣೆಯಲ್ಲಿ ಅವು ದೊರೆತುವು. 1988ರಲ್ಲಿ ಆ ಮರದಿಂದಲೇ ನೇರವಾಗಿ, ಒಂದೊಂದೇ ಹಾಳೆಯಾಗಿ, ಚಿತ್ರಗಳನ್ನು ಅಚ್ಚು ತೆಗೆಯಲಾಯಿತು.